ಬೇಸಗೆಯ ಕಾವಲು ಮತ್ತು ಗಬ್ಬದ ಹಸು: ಅಮೃತಮಹಲಿನ ಮೇವುನೆಲಗಳನ್ನು ಕುರಿತು ಒಂದು ವಿವೇಚನೆ

ಮೈಸೂರು ಸೀಮೆಯ ಚರಿತ್ರೆಯನ್ನು ಓದಿದವರಿಗೆಲ್ಲ ಅಮೃತಮಹಲ್ ಎಂಬ ಹೆಸರು ಪರಿಚಿತವಾದುದೇ. ಹೈದರನು ಚಿದಂಬರದ ನೆರವಿಗೆಂದು ಎರಡೂವರೆ ದಿನಗಳಲ್ಲಿ ನೂರು ಮೈಲಿ ದೂರವನ್ನು ಕ್ರಮಿಸಿದುದು ಈ ತಳಿಯ ಎತ್ತುಗಳ ಬಲದಿಂದಲೇ ಎಂದು ಬಿ. ಎಲ್. ರೈಸ್ ಅವರ ಗ್ಯಾಸೆಟಿಯರ್ ಹೇಳುತ್ತದೆ. ಫಿರಂಗಿಯನ್ನೆಳೆದ ಎತ್ತನ್ನು ಕುರಿತು ಚರಿತ್ರಕಾರರು ಹೀಗೆ ಸಾಕಷ್ಟು ಬರೆದಿದ್ದಾರೆ. ಆ ಎತ್ತನ್ನು ಈದ ಹಸುವನ್ನು ಕುರಿತು ಬರೆದುದು ಅಲ್ಪ. ಗಬ್ಬದ ಹಸುವು ಬೇಸಗೆಯ ಮೂರು ತಿಂಗಳುಗಳನ್ನು ಎಲ್ಲಿ ಕಳೆಯುತ್ತಿತ್ತು, ಏನನ್ನು ಮೇಯುತ್ತಿತ್ತು, ಯಾವ ನೀರನ್ನು ಕುಡಿಯುತ್ತಿತ್ತು ಎಂಬ ಪ್ರಶ್ನೆಗಳು ಮೇಲುನೋಟಕ್ಕೆ ಚರಿತ್ರೆಯ ಕಕ್ಷೆಗೆ ಸೇರಿದುವಲ್ಲವೆಂದು ತೋರಬಹುದು. ಆದರೆ ಅಮೃತಮಹಲಿನ ಕಾವಲುಗಳ ವ್ಯವಸ್ಥೆಯು ಈ ಪ್ರಶ್ನೆಗಳನ್ನು ಬಿಟ್ಟರೆ ಅರ್ಥವಾಗುವುದಿಲ್ಲವೆಂಬುದು ನಮ್ಮ ಅಭಿಪ್ರಾಯ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಪೂರ್ವಚರಿತ್ರೆ

ವಿಜಯನಗರದ ಪ್ರತಿನಿಧಿಗಳು ಶ್ರೀರಂಗಪಟ್ಟಣದಲ್ಲಿ ಸಾಕಿದ್ದ ಹಸುಗಳ ಹಟ್ಟಿಗಳು ಮೈಸೂರು ಒಡೆಯರ ವಶಕ್ಕೆ ಬಂದುವೆಂದೂ, ಅವಕ್ಕೆ ಬೇರೆಬೇರೆ ಸೀಮೆಗಳಲ್ಲಿ ಕಾವಲುಗಳನ್ನು ಗೊತ್ತುಮಾಡಲಾಯಿತೆಂದೂ ಪರಂಪರೆಯಿಂದ ತಿಳಿದುಬರುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ಈ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂಬ ಹೆಸರಿದ್ದಿತು. ಅರಮನೆಗೆ ಹಾಲು ಬೆಣ್ಣೆಗಳನ್ನು ಒದಗಿಸುವುದು ಅಂದಿನ ಮುಖ್ಯ ಕಾರ್ಯವಾಗಿದ್ದಿತೆಂಬುದನ್ನು ಹೆಸರೇ ಸೂಚಿಸುತ್ತದೆ. ಹೈದರನು ಈ ದನಗಳನ್ನು ಸೈನ್ಯದ ಕೆಲಸಕ್ಕೆ ತೊಡಗಿಸಿದನು. ಟಿಪ್ಪುವು ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟು, ಅದರ ಆಡಳಿತಕ್ಕೆ ಹುಕುಂನಾಮೆಯನ್ನು ಹೊರಡಿಸಿದನು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ದನಗಳು ಇಂಗ್ಲಿಷರ ಕೈಸೇರಿದುವು. ಅವುಗಳ ಪಾಲನೆಯನ್ನು ಮೊದಲು ಮೈಸೂರು ಸರ್ಕಾರಕ್ಕೆ ಒಪ್ಪಿಸಲಾಗಿತ್ತು. ಮಂದೆಗಳು ಕ್ಷೀಣಿಸತೊಡಗಿದಾಗ, 1813ರಲ್ಲಿ ಮದರಾಸು ಸೈನ್ಯದ ಸರಬರಾಜು ಶಾಖೆಗೆ ಸೇರಿದ ಕ್ಯಾಪ್ಟನ್ ಹಾರ್ವೆ ಎಂಬಾತನು ಅವುಗಳ ಆಡಳಿತವನ್ನು ವಹಿಸಿಕೊಂಡನು. ಮಿತವ್ಯಯದ ಹೆಸರಿನಲ್ಲಿ 1860ರಲ್ಲಿ ಸಂಸ್ಥೆಯನ್ನೇ ಮುಚ್ಚಿ ಮಂದೆಗಳನ್ನು ಮಾರಲಾಯಿತು. ಆರೇ ವರ್ಷಗಳಲ್ಲಿ, ಅಂದರೆ 1866ರಲ್ಲಿ, ಅದನ್ನು ಮತ್ತೆ ಸ್ಥಾಪಿಸಬೇಕಾಯಿತು. 1881ರ ಅಧಿಕಾರ ಹಸ್ತಾಂತರದ ಅನಂತರ ಅದು ಮೈಸೂರು ಸರ್ಕಾರಕ್ಕೆ ಬಂದಿತು. 1923ರಲ್ಲಿ ಕೃಷಿ ಇಲಾಖೆಗೆ ವರ್ಗವಾಯಿತು. ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದ ತಳಿಸಂವರ್ಧನ ಕೇಂದ್ರವು ಆ ಪರಂಪರೆಯ ಇಂದಿನ ನೆಲೆ.

ಈ ಚರಿತ್ರೆಯಲ್ಲಿ ಗಮನಿಸತಕ್ಕ ಅಂಶವೊಂದುಂಟು. ಬೆಣ್ಣೆ ಚಾವಡಿಯು ಅಮೃತಮಹಲಾದಾಗ ಹಸುವಿನ ಕೆಲಸವೇ ಬದಲಾಯಿತು. ಅದುವರೆಗೆ ಹಾಲಿಗಾಗಿ ಬೆಲೆಬಾಳುತ್ತಿದ್ದ ಹಸು ಅಲ್ಲಿಂದ ಮುಂದೆ ಕರುವಿಗಾಗಿ ಬೆಲೆಬಾಳತೊಡಗಿತು. ಅಮೆರಿಕ, ಆಸ್ಟ್ರೇಲಿಯಗಳ ವಿಶಾಲ ಹುಲ್ಲುಗಾವಲುಗಳಲ್ಲಿ ಮಾಂಸಕ್ಕಾಗಿ ಸಾಕುವ ಹಸುಗಳ ಸ್ಥಿತಿಯೂ ಇದೇ. ಅಲ್ಲಿಯೂ ಹಸುವನ್ನು ಕರೆಯುವುದಿಲ್ಲ. ಹಾಲೆಲ್ಲ ಕರುವಿನ ಪಾಲು. ಉದ್ದೇಶಗಳು ಎಷ್ಟೇ ಭಿನ್ನವಾಗಿದ್ದರೂ ಎರಡೆಡೆಯ ಪಾಲಕನಿಗೂ ಒಂದೇ ಲೆಕ್ಕ: ವರ್ಷಕ್ಕೊಮ್ಮೆ, ಇಲ್ಲವೆ ಅದಕ್ಕೆ ಆದಷ್ಟು ಸಮೀಪವಾಗಿ, ಹಸುವು ಆರೋಗ್ಯವಾದ ಕರುವನ್ನು ಈಯಬೇಕು. ಕೊಟ್ಟಿಗೆಯ ಹಸುವಿಗೆ ಹಿಂಡಿ ಬೂಸಾಗಳ ಆಸರೆಯಿದೆ. ಬಯಲಿನ ಹಸುವಿಗೆ ನೆಲವೊಂದೇ ಆಸರೆ.

ಮೂರು ಕಾಲ, ಮೂರು ಕಾವಲು

ಅಮೃತಮಹಲಿನ ಕಾವಲುಗಳನ್ನು ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಮೂರು ಬಗೆಯಾಗಿ ವಿಂಗಡಿಸಿದ್ದರೆಂದು ರೈಸ್ ಅವರು ವಿವರಿಸುತ್ತಾರೆ. ಮಳೆಗಾಲದ ಕಾವಲಿಗೆ ಹುಲ್ಲು ಹುಲುಸಾಗಿದ್ದರೆ ಸಾಕು; ಕೆರೆಯಿರಬೇಕೆಂಬ ನಿಯಮವಿಲ್ಲ. ಚಳಿಗಾಲದ ಕಾವಲಿನಲ್ಲಿ ಮಳೆ ನಿಂತ ಮೇಲೂ ಕೆಲವು ಕಾಲ ನೀರು ಹುಲ್ಲುಗಳು ಉಳಿದಿರಬೇಕು. ಬೇಸಗೆಯ ಕಾವಲಿನ ಲಕ್ಷಣ ಬೇರೆ. ಅದರೊಳಗೆ ಕೆರೆಯಿರಬೇಕು, ಬಿಸಿಲಿನ ಹೊತ್ತಿನಲ್ಲಿ ದನ ನಿಲ್ಲಲು ಮರಗಳ ನೆರಳಿರಬೇಕು. ಇಂತಹ ಕಾವಲನ್ನು ಉಳಿದ ಕಾಲಗಳಲ್ಲಿ ಮೇಯಿಸದೆ ಬಹು ಎಚ್ಚರದಿಂದ ಕಾಯ್ದಿಡುತ್ತಿದ್ದರು. ನೀರು ಇಳಿದಂತೆ ತೆರೆದುಕೊಳ್ಳುವ ಕೆರೆಯ ಅಂಗಳವೇ ಬೇಸಗೆಯಲ್ಲಿ ಮಂದೆಯ ಮೇವುನೆಲ.

ಕಡೂರು, ಬೀರೂರು, ಅಜ್ಜಂಪುರಗಳ ಬಯಲನ್ನು ಬೇಸಗೆಯಲ್ಲಿ ನೋಡಿದವರಿಗೆ ಈ ಕೊನೆಯ ಮಾತಿನ ಮಹತ್ವ ತಿಳಿಯುವುದು. ಯುಗಾದಿಯ ವೇಳೆಗೆ ದಿಣ್ಣೆಯ ಕರಡವೆಲ್ಲ ಒಣಗಿ ಬಿಳಿಚಿಕೊಂಡಿರುತ್ತದೆ. ನೀರು ಹಿಂದೆ ಸರಿದ ಕೆರೆಯ ಮಣ್ಣಿನಲ್ಲಿ ಮಾತ್ರ ತೇವವುಳಿದು, ಗರಿಕೆ ಜೇಕುಗಳು ಹಸಿರಾಗಿ ಚಿಗುರುತ್ತವೆ. ನೀರು ಇನ್ನಷ್ಟು ಇಳಿದಾಗ ಹಸಿರೂ ಅದರ ಬೆನ್ನಹಿಂದೆ ಇಳಿಯುತ್ತದೆ. ದನಗಳು ಅದನ್ನು ಅನುಸರಿಸುತ್ತವೆ. ಸುತ್ತಣ ಸೀಮೆಯೆಲ್ಲ ಒಣಗಿದಾಗಲೂ ಕೆರೆಯಂಗಳವು ಹೀಗೆ ಕೆಲವು ವಾರಗಳ ಕಾಲ ಹಸಿ ಮೇವನ್ನು ಕೊಡುತ್ತದೆ.

ಈ ವಿಂಗಡಣೆಯನ್ನು ಗಬ್ಬದ ಹಸುಗಳಿಗೆಂದೇ ಮಾಡಿದ್ದರೆಂದು ನಾವು ಹೇಳುತ್ತಿಲ್ಲ. ಎಲ್ಲ ವಯಸ್ಸಿನ ದನಗಳಿಗೂ ಬೇಸಗೆಯು ಕಷ್ಟಕಾಲವೇ. ಆದರೆ ಆ ಕಷ್ಟವು ಯಾರ ಮೇಲೆ ಹೆಚ್ಚಾಗಿ ಬೀಳುತ್ತಿತ್ತು ಎಂಬುದನ್ನು ತಿಂಗಳುಗಳ ಲೆಕ್ಕದಿಂದಲೇ ತಿಳಿಯಬಹುದು.

ಗರ್ಭದ ತಿಂಗಳುಗಳು, ಹುಲ್ಲಿನ ತಿಂಗಳುಗಳು

ಹಸುವಿನ ಗರ್ಭಧಾರಣೆಯ ಅವಧಿ ಸುಮಾರು 280ರಿಂದ 290 ದಿನಗಳು. ಬಯಲಿನ ಹಸುವು ಸಾಮಾನ್ಯವಾಗಿ ಮೈತುಂಬಿಕೊಂಡ ಮೇಲೆಯೇ ಬೆದೆಗೆ ಬರುತ್ತದೆ. ಮೈತುಂಬುವುದು ಮಳೆಗಾಲದ ಹುಲ್ಲಿನಿಂದ. ಆದುದರಿಂದ ಭಾದ್ರಪದದ ಆಸುಪಾಸಿನಲ್ಲಿ, ಅಂದರೆ ಸೆಪ್ಟೆಂಬರಿನ ನಡುವೆ, ಗಬ್ಬವಾದ ಹಸುವು ಜೂನ್ ತಿಂಗಳ ಕೊನೆಯಲ್ಲಿ ಈಯುತ್ತದೆ. ಒಂದು ದೃಷ್ಟಿಯಿಂದ ಇದು ಅನುಕೂಲವಾದ ಏರ್ಪಾಡು. ಕರುವು ಹುಟ್ಟುವಾಗ ಮುಂಗಾರಿನ ಹುಲ್ಲು ಎದ್ದಿರುತ್ತದೆ, ತಾಯಿಗೆ ಹಾಲು ಬರುತ್ತದೆ. ಆದರೆ ಗರ್ಭದ ಕೊನೆಯ ಮೂರು ತಿಂಗಳುಗಳು ಮಾರ್ಚ್ ಅಂತ್ಯದಿಂದ ಜೂನ್‌ವರೆಗೆ ಬರುತ್ತವೆ. ಹುಟ್ಟುವ ಕರುವಿನ ತೂಕದಲ್ಲಿ ಮೂರನೆಯ ಎರಡು ಪಾಲಿಗಿಂತ ಹೆಚ್ಚು ಬೆಳೆಯುವುದು ಈ ಕೊನೆಯ ಮೂರು ತಿಂಗಳುಗಳಲ್ಲಿಯೇ. ಹೊಟ್ಟೆಯೊಳಗಣ ಬೇಡಿಕೆ ಅತ್ಯಧಿಕವಾಗಿರುವಾಗಲೇ ಹೊರಗಣ ಮೇವು ಅತ್ಯಲ್ಪವಾಗಿರುತ್ತದೆ.

ಈ ಕಾಲದಲ್ಲಿ ಹಸುವಿಗೆ ಹೊಟ್ಟೆ ತುಂಬದಿದ್ದರೆ ಅದು ತನ್ನ ಮೈಯನ್ನೇ ಕರಗಿಸಿ ಕರುವನ್ನು ಬೆಳೆಸುತ್ತದೆ. ಪಕ್ಕೆಲುಬು ಕಾಣುವಷ್ಟು ಬಡಕಲಾದ ಹಸುವೂ ಕರುವನ್ನು ಈಯಬಲ್ಲುದು. ಆದರೆ ಕರು ಸಣ್ಣದಾಗುತ್ತದೆ, ಗಿಣ್ಣುಹಾಲು ಸಾಲದಾಗುತ್ತದೆ, ತಾಯಿ ಮತ್ತೆ ಬೆದೆಗೆ ಬರುವುದು ಬಹಳ ತಡವಾಗುತ್ತದೆ. ಆ ವರ್ಷ ಮಳೆಗಾಲ ಮುಗಿಯುವುದರೊಳಗೆ ಗಬ್ಬವಾಗದಿದ್ದರೆ ಮುಂದಿನ ವರ್ಷ ಕರುವಿಲ್ಲ. ಒಂದು ಬೇಸಗೆಯ ಹಸಿವಿನ ಫಲವು ಮಂದೆಯ ಲೆಕ್ಕಪುಸ್ತಕದಲ್ಲಿ ಹೀಗೆ ಎರಡನೆಯ ವರ್ಷ ಕಾಣಿಸಿಕೊಳ್ಳುತ್ತದೆ. ವಾರ್ಷಿಕ ಎಣಿಕೆಯ ಅಂಕಿಗಳನ್ನು ಓದುವ ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು. ಎಣಿಕೆ ಇಳಿದ ವರ್ಷವೇ ತೊಂದರೆಯ ವರ್ಷವೆಂದು ಹೇಳಲಾಗದು.

ನೀರು, ನೆರಳು, ಮೇವು

ಬೇಸಗೆಯ ಕಾವಲಿಗೆ ಹಿಂದಿನವರು ಗೊತ್ತುಮಾಡಿದ ಲಕ್ಷಣಗಳನ್ನು ಇಂದಿನ ಪಶುವೈದ್ಯಶಾಸ್ತ್ರದ ಬೆಳಕಿನಲ್ಲಿ ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯದು ನೀರು. ಹಸಿ ಹುಲ್ಲಿನಲ್ಲಿ ಮುಕ್ಕಾಲು ಪಾಲು ನೀರೇ ಇರುವುದರಿಂದ ಮಳೆಗಾಲದಲ್ಲಿ ದನವು ಕುಡಿಯುವುದು ಕಡಿಮೆ. ಒಣಹುಲ್ಲನ್ನು ಮೇಯುವ ಹಸುವಿಗೆ ಬೇಸಗೆಯಲ್ಲಿ ದಿನಕ್ಕೆ 40 ಲೀಟರಿಗೂ ಹೆಚ್ಚು ನೀರು ಬೇಕಾಗಬಹುದು. ನೀರು ದೂರವಾದರೆ ಹಸುವು ಕುಡಿಯುವುದು ಕಡಿಮೆಯಾಗುತ್ತದೆ. ಕುಡಿಯುವುದು ಕಡಿಮೆಯಾದರೆ ಮೇಯುವುದೂ ಕಡಿಮೆಯಾಗುತ್ತದೆ. ಮೇವಿನಿಂದ ದೊರೆತ ಬಲವು ನಡಿಗೆಯಲ್ಲಿಯೇ ವ್ಯಯವಾಗುತ್ತದೆ. ಕೆರೆಯು ಕಾವಲಿನ ಒಳಗೇ ಇರಬೇಕೆಂಬ ನಿಯಮದ ಸಾರ್ಥಕತೆ ಇಲ್ಲಿದೆ.

ಎರಡನೆಯದು ನೆರಳು. ನಮ್ಮ ನಾಡಿನ ಡುಬ್ಬದ ತಳಿಗಳು ಯೂರೋಪಿನ ತಳಿಗಳಿಗಿಂತ ಬಿಸಿಲನ್ನು ಚೆನ್ನಾಗಿ ತಾಳಬಲ್ಲುವು. ಆದರೆ ತಾಳಿಕೆಗೂ ಮಿತಿಯುಂಟು. ಗರ್ಭದಲ್ಲಿ ಬೆಳೆಯುತ್ತಿರುವ ಕರುವಿನ ಶಾಖವನ್ನೂ ತಾಯಿಯೇ ಹೊರಹಾಕಬೇಕು. ಗರ್ಭದ ಕೊನೆಯಲ್ಲಿ ಅತಿಯಾದ ಶಾಖಕ್ಕೆ ಸಿಕ್ಕಿದ ಹಸುಗಳ ಕರುಗಳು ಹುಟ್ಟುವಾಗ ತೂಕದಲ್ಲಿ ಕಡಿಮೆಯಾಗಿರುವುದನ್ನು ಸಂಶೋಧಕರು ತೋರಿಸಿದ್ದಾರೆ. ಮಧ್ಯಾಹ್ನದ ಹೊತ್ತು ಹೊಂಗೆ ಆಲಗಳ ಕೆಳಗೆ ನಿಂತು ಮೆಲುಕು ಹಾಕಿ, ಮುಂಜಾನೆ ಸಂಜೆಗಳ ತಂಪಿನಲ್ಲಿ ಮೇಯುವ ಅವಕಾಶವಿದ್ದರೆ ಈ ತೊಂದರೆಯನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಮೂರನೆಯದು ಮೇವು. ಇಲ್ಲಿ ಮೇವಿನ ಪ್ರಮಾಣದಷ್ಟೇ ಅದರ ಗುಣವೂ ಮುಖ್ಯ. ಬಲಿತು ಒಣಗಿದ ಹುಲ್ಲಿನಲ್ಲಿ ಸಸಾರಜನಕದ ಅಂಶವು ನೂರಕ್ಕೆ ಏಳಕ್ಕಿಂತ ಕೆಳಗಿಳಿದರೆ ದನದ ಹೊಟ್ಟೆಯಲ್ಲಿ ನಾರನ್ನು ಅರಗಿಸುವ ಸೂಕ್ಷ್ಮಜೀವಿಗಳು ದುರ್ಬಲವಾಗುತ್ತವೆ. ಆಗ ಎದುರಿಗೆ ಹುಲ್ಲಿನ ರಾಶಿಯಿದ್ದರೂ ಹಸುವು ತಿನ್ನಲಾರದು. ‘ಎ’ ಜೀವಸತ್ತ್ವದ ಮೂಲವಾದ ಕ್ಯಾರೊಟಿನ್ ಹಸಿರಿನಲ್ಲಿದೆ. ಬಿಸಿಲಿಗೆ ಒಣಗಿದ ಹುಲ್ಲಿನಲ್ಲಿ ಅದು ನಶಿಸಿರುತ್ತದೆ. ಮಳೆಗಾಲದಲ್ಲಿ ಪಿತ್ತಜನಕಾಂಗದಲ್ಲಿ ಕೂಡಿಟ್ಟುಕೊಂಡ ದಾಸ್ತಾನು ಕೆಲವು ತಿಂಗಳು ಮಾತ್ರ ಬಾಳುತ್ತದೆ. ಅದು ತೀರಿದರೆ ದುರ್ಬಲವಾದ ಇಲ್ಲವೆ ಕುರುಡಾದ ಕರು ಹುಟ್ಟಬಹುದು, ಈದ ಮೇಲೆ ಕಸ ಬೀಳದೆ ಉಳಿಯಬಹುದು. ಕೆರೆಯಂಗಳದ ಗರಿಕೆಯು ಸ್ವಲ್ಪವೇ ಆದರೂ ಒಣಹುಲ್ಲಿನ ಈ ಎರಡು ಕೊರತೆಗಳನ್ನು ತುಂಬುತ್ತದೆ.

ರಂಜಕದ ಕೊರತೆಯನ್ನು ಬೇರೆಯಾಗಿ ಹೇಳಬೇಕು. ಬೇಸಗೆಯಲ್ಲಿ ದನಗಳು ಬಯಲಿನಲ್ಲಿ ಬಿದ್ದ ಎಲುಬನ್ನು ಅಗಿಯುವುದನ್ನು ಅನೇಕರು ಕಂಡಿರಬಹುದು. ದಕ್ಷಿಣ ಆಫ್ರಿಕದಲ್ಲಿ ಸರ್ ಆರ್ನಲ್ಡ್ ಥೈಲರ್ ಮತ್ತು ಅವರ ಸಂಗಡಿಗರು 1920ರ ದಶಕದಲ್ಲಿ ಈ ಚಾಳಿಯ ಕಾರಣವನ್ನು ಶೋಧಿಸಿದರು. ಹುಲ್ಲಿನಲ್ಲಿ ರಂಜಕ ಸಾಲದೆ ದನಗಳು ಎಲುಬಿಗೆ ಬಾಯಿಹಾಕುತ್ತಿದ್ದುವು, ಕೊಳೆತ ಕಳೇಬರಗಳ ವಿಷದಿಂದ ಲಕ್ವ ಹೊಡೆದು ಸಾಯುತ್ತಿದ್ದುವು. ಶುದ್ಧಗೊಳಿಸಿದ ಎಲುಬಿನ ಪುಡಿಯನ್ನು ಕೊಟ್ಟಾಗ ಚಾಳಿ ನಿಂತಿತು, ಸಾವು ಇಳಿಯಿತು. ಎಲುಬಿನ ಪುಡಿಯು ಸರಿಯಾಗಿ ಶುದ್ಧವಾಗದಿದ್ದರೆ ರೋಗವನ್ನೇ ಹರಡಬಹುದಾದುದರಿಂದ ಇಂದು ಅದರ ಬದಲು ಖನಿಜ ಮಿಶ್ರಣವನ್ನು ಉಪ್ಪಿನೊಡನೆ ಕೊಡುವುದು ಉತ್ತಮವೆನಿಸಿದೆ. ಬೇಸಗೆಯ ಕಾವಲಿನಲ್ಲಿ ನೆರಳಿನ ಬಳಿ ಇಂತಹ ಉಪ್ಪನ್ನಿಡುವುದು, ತುಂಬುಗಬ್ಬದ ಹಸುಗಳಿಗೆ ಸಂಜೆ ಸ್ವಲ್ಪ ಹಿಂಡಿಯನ್ನೋ ಹುರುಳಿಯ ಹೊಟ್ಟನ್ನೋ ಕೊಡುವುದು ಹೆಚ್ಚು ವೆಚ್ಚದ ಕೆಲಸವಲ್ಲ.

ಕಾವಲಿನೊಳಗಣ ಅಪಾಯಗಳು

ಹಳೆಯ ವ್ಯವಸ್ಥೆಯು ನಿರ್ದೋಷವಾಗಿತ್ತೆಂದು ಭಾವಿಸಬಾರದು. ಹಸಿರನ್ನು ಕೊಡುವ ಕೆರೆಯಂಗಳವೇ ಯಕೃತ್ತಿನ ಚಪ್ಪಟೆಹುಳುವಿನ ತವರು. ನೀರಿನ ಬಸವನಹುಳುಗಳಿಂದ ಹೊರಬಂದ ಮರಿಗಳು ನೀರಂಚಿನ ಹುಲ್ಲಿಗೆ ಅಂಟಿಕೊಂಡು ದನದ ಹೊಟ್ಟೆ ಸೇರುತ್ತವೆ. ಗಂಟಲ ಕೆಳಗೆ ಊತ, ರಕ್ತಹೀನತೆ, ಕ್ರಮೇಣ ಕೃಶವಾಗುವುದು ಇದರ ಲಕ್ಷಣಗಳು. ಆದುದರಿಂದ ನೀರಂಚಿನ ಜೌಗಿನಲ್ಲಿ ಮೇಯಲು ಬಿಡದಿರುವುದು, ಗಬ್ಬದ ಹಸುವಿಗೆ ಯಾವ ಔಷಧಿ ನಿರಪಾಯವೆಂಬುದನ್ನು ಪಶುವೈದ್ಯರಿಂದ ತಿಳಿದು ಕೊಡಿಸುವುದು ಅಗತ್ಯ.

ಹಸಿರು ಎಲ್ಲಿಯೂ ಸಿಕ್ಕದಾಗ ದನಗಳು ಲಂಟಾನಕ್ಕೆ ಬಾಯಿಹಾಕುತ್ತವೆ. ಇದು ಯಕೃತ್ತನ್ನು ಕೆಡಿಸುವ ವಿಷ. ತಿಂದ ದನದ ಚರ್ಮವು ಬಿಸಿಲಿಗೆ ಒಡೆದು ಹುಣ್ಣಾಗುತ್ತದೆ. ಭರಣಿ ಕೃತ್ತಿಕೆಗಳ ಮೊದಲ ಹನಿಗಳು ಬಿದ್ದಾಗ ಜೋಳದ ಕೂಳೆ ಚಿಗುರುವುದುಂಟು. ಬಾಡಿದ ಎಳೆಯ ಜೋಳದಲ್ಲಿ ಹೈಡ್ರೋಸಯನಿಕ್ ಆಮ್ಲದ ವಿಷವಿರುತ್ತದೆ. ಹಸಿದ ಹಸುವು ಕೆಲವೇ ನಿಮಿಷಗಳಲ್ಲಿ ಉರುಳಿಬೀಳಬಹುದು. ಮೊದಲ ಮಳೆಯ ಹುಲ್ಲಿಗೆ ಹಸಿದ ಮಂದೆಯನ್ನು ಒಮ್ಮೆಲೆ ನುಗ್ಗಿಸದೆ, ಸ್ವಲ್ಪ ರಾಗಿಹುಲ್ಲನ್ನು ತಿನ್ನಿಸಿ ಬಿಡುವುದು ಕ್ಷೇಮ.

ಅಂಟುರೋಗಗಳಲ್ಲಿ ಗಬ್ಬದ ಹಸುವಿಗೆ ಮುಖ್ಯವಾಗಿ ಭಯಪಡಬೇಕಾದುದು ಕಂದು ಹಾಕುವ ರೋಗ, ಅಂದರೆ ಬ್ರುಸೆಲ್ಲ. ಇದರ ರೋಗಾಣುವನ್ನು ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬಾಂಗ್ 1897ರಲ್ಲಿ ಗುರುತಿಸಿದನು. ಸಾಮಾನ್ಯವಾಗಿ ಐದನೆಯ ತಿಂಗಳು ಕಳೆದ ಮೇಲೆ ಗರ್ಭ ಇಳಿಯುತ್ತದೆ. ಬಿದ್ದ ಕಂದು, ಕಸ, ಸ್ರಾವ ಇವುಗಳಿಂದ ರೋಗವು ಮೇವಿನ ನೆಲಕ್ಕೂ ನೀರಿಗೂ ಹರಡಿ ಇತರ ಹಸುಗಳನ್ನು ಮುಟ್ಟುತ್ತದೆ. ಬರಿಗೈಯಿಂದ ಮುಟ್ಟಿದ ಮನುಷ್ಯರಿಗೂ ಅಂಟುತ್ತದೆ. ಒಂದೇ ಕೆರೆಗೆ ಹಲವು ಮಂದೆಗಳು ಸೇರುವ ಬೇಸಗೆಯಲ್ಲಿ ಈ ಅಪಾಯ ಹೆಚ್ಚು. ಕಂದು ಹಾಕಿದ ಹಸುವನ್ನು ಕೂಡಲೆ ಬೇರ್ಪಡಿಸಬೇಕು. ಬಿದ್ದುದನ್ನು ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಲಸಿಕೆಯನ್ನು ನಾಲ್ಕರಿಂದ ಎಂಟು ತಿಂಗಳ ವಯಸ್ಸಿನ ಹೆಣ್ಣುಕರುಗಳಿಗೆ ಹಾಕಿಸಬೇಕೇ ಹೊರತು ಗಬ್ಬದ ಹಸುವಿಗಲ್ಲ. ಗಳಲೆ ಮತ್ತು ಚಪ್ಪೆ ರೋಗಗಳ ಲಸಿಕೆಗಳನ್ನು ಮುಂಗಾರಿಗೆ ಮೊದಲೇ ಹಾಕಿಸುವುದು ವಾಡಿಕೆ. ತುಂಬುಗಬ್ಬದ ಹಸುವನ್ನು ಅಟ್ಟಿ ಕೆಡವಿ ಹಿಡಿಯುವುದರಿಂದಲೇ ಗರ್ಭಕ್ಕೆ ಕೇಡಾಗಬಹುದಾದುದರಿಂದ ದಿನಗಳನ್ನು ಪಶುವೈದ್ಯರೊಡನೆ ಮುಂಚಿತವಾಗಿ ಗೊತ್ತುಮಾಡಿಕೊಳ್ಳಬೇಕು. ತಮ್ಮ ಕಾವಲುಗಾರರ ಹೊರತು ಹೊಸಬರನ್ನು ಸಮೀಪಕ್ಕೆ ಸೇರಿಸದ ಅಮೃತಮಹಲ್ ಹಸುಗಳ ವಿಷಯದಲ್ಲಿ ಈ ಎಚ್ಚರಿಕೆ ಇಮ್ಮಡಿಯಾಗಿ ಬೇಕು.

ಖಾಲಿ ಕಾವಲಿನ ಅರ್ಥ

ಮೇಲಿನ ವಿವರಗಳಿಂದ ಒಂದು ನಿರ್ಣಯಕ್ಕೆ ಬರಬಹುದೆಂದು ನಮಗೆ ತೋರುತ್ತದೆ. ಒಂದು ಮಂದೆಯಲ್ಲಿ ಎಷ್ಟು ಹಸುಗಳಿರಬಹುದೆಂಬುದನ್ನು ನಿಶ್ಚಯಿಸುವುದು ಕಾವಲುಗಳ ಒಟ್ಟು ಎಕರೆಗಳಲ್ಲ. ಬೇಸಗೆಯ ಕಾವಲು ಎಷ್ಟು ಹಸುಗಳನ್ನು ತಾಳಬಲ್ಲುದೆಂಬುದು. ಮಳೆಗಾಲದ ಕಾವಲು ಸಾವಿರ ದನಗಳಿಗೆ ಸಾಲುವಂತಿದ್ದರೂ ಬೇಸಗೆಯ ಕಾವಲು ಇನ್ನೂರಕ್ಕೆ ಮಾತ್ರ ಸಾಲುವುದಾದರೆ ಮಂದೆಯು ಇನ್ನೂರೇ. ಮೂರರಲ್ಲಿ ಬೇಸಗೆಯದನ್ನು ಕಳೆದುಕೊಂಡರೆ ಉಳಿದೆರಡರ ವಿಸ್ತಾರವು ಹೆಚ್ಚಾಗಿ ಕಾಗದದ ಮೇಲಿನ ವಿಸ್ತಾರವಾಗಿಯೇ ಉಳಿಯುತ್ತದೆ. ಧಾತು ಈಶ್ವರ ಸಂವತ್ಸರಗಳ ಬರದಂತಹ (1876–78) ದುರ್ಭಿಕ್ಷದಲ್ಲಿ ಕೆರೆಗಳೇ ಒಣಗಿದಾಗ ಯಾವ ವ್ಯವಸ್ಥೆಯೂ ಸಾಲದಾಯಿತು. ಆದರೆ ಸಾಧಾರಣ ವರ್ಷದ ಬೇಸಗೆಯನ್ನು ದಾಟಿಸಲು ಈ ವ್ಯವಸ್ಥೆಯು ಸಮರ್ಥವಾಗಿತ್ತು.

ಇದರಿಂದ ಹೊರಡುವ ಇನ್ನೊಂದು ಅಂಶವುಂಟು. ಬೇಸಗೆಯ ಕಾವಲನ್ನು ಉಳಿದ ಕಾಲದಲ್ಲಿ ಮೇಯಿಸದೆ ಬಿಡುವುದರಿಂದ ಮಳೆಗಾಲದಲ್ಲಿ ಅಲ್ಲಿಗೆ ಹೋಗಿ ನೋಡಿದವನಿಗೆ ಒಂದು ದನವೂ ಕಾಣದು. ಹುಲ್ಲು ಎದ್ದಿರುತ್ತದೆ, ಮೇಯುವವರಿಲ್ಲ. ಅಳತೆಗೆ ಬಂದ ಅಧಿಕಾರಿಗೆ ಅದು ಹೆಚ್ಚುವರಿಯಾಗಿ ಬಿದ್ದ ಭೂಮಿಯೆಂದು ತೋರುವುದು ಸಹಜ. ಆದರೆ ಆ ಖಾಲಿತನವೇ ಅದರ ಉಪಯೋಗ. ‘ಕಾವಲು’ ಎಂಬ ನಮ್ಮ ಮಾತು ಮೇಯಿಸುವುದನ್ನು ಹೇಳುವುದಿಲ್ಲ, ಕಾಯುವುದನ್ನು ಹೇಳುತ್ತದೆ. ಕಣಜದಲ್ಲಿ ಧಾನ್ಯವು ಸುಮ್ಮನೆ ಬಿದ್ದಿದೆಯೆಂದು ಯಾವ ಒಕ್ಕಲಿಗನೂ ಹೇಳುವುದಿಲ್ಲ.

ಕಾವಲುಗಳ ವಿಸ್ತಾರವು ಕಳೆದ ಶತಮಾನದಿಂದ ಬಹಳ ಇಳಿದಿದೆ. ಸಾಗುವಳಿಗೆ, ನೆಡುತೋಪುಗಳಿಗೆ, ಊರುಗಳಿಗೆ ನೆಲ ಬೇಕಾಯಿತು. 2008ರಿಂದ 2010ರ ಅವಧಿಯಲ್ಲಿ ಚಳ್ಳಕೆರೆ ತಾಲ್ಲೂಕಿನ ಕುದಾಪುರ, ಉಳ್ಳಾರ್ತಿ ಮೊದಲಾದ ಕಾವಲುಗಳಲ್ಲಿ ಸುಮಾರು 10,000 ಎಕರೆಗಳು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಮಂಜೂರಾದುವು. ಸ್ಥಳೀಯ ದನಗಾಹಿಗಳ ಆಕ್ಷೇಪವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಅಂತಹ ಸಂಸ್ಥೆಗಳೂ ನಾಡಿಗೆ ಬೇಕೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಒಂದು ಕಾವಲನ್ನು ಬೇರೆ ಕೆಲಸಕ್ಕೆ ಕೊಡುವ ಮೊದಲು ಅದು ಎಷ್ಟು ಎಕರೆ ಎಂದು ಕೇಳುವುದರೊಡನೆ, ಅದು ಯಾವ ಕಾಲದ ಕಾವಲು ಎಂದೂ ಕೇಳಬೇಕಾಗಿತ್ತು. ಕೆರೆಯಿಲ್ಲದ ಸಾವಿರ ಎಕರೆಗಳಿಗೂ ಕೆರೆಯಿರುವ ನೂರು ಎಕರೆಗಳಿಗೂ ಗಬ್ಬದ ಹಸುವಿನ ದೃಷ್ಟಿಯಲ್ಲಿ ಅಜಗಜಾಂತರ.

ಈ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಚರಿತ್ರೆಯ ಅಧ್ಯಾಪಕರೂ ವಿದ್ಯಾರ್ಥಿಗಳೂ ಹೌದು. ತಮ್ಮ ತಾಲ್ಲೂಕಿನ ಕಾವಲುಗಳ ಹೆಸರುಗಳನ್ನು ಹಳೆಯ ಮೋಜಣಿ ನಕ್ಷೆಗಳಿಂದ ಸಂಗ್ರಹಿಸಿ, ಅದರಲ್ಲಿ ಕೆರೆಯಿತ್ತೆ, ಯಾವ ತಿಂಗಳಲ್ಲಿ ದನ ಬರುತ್ತಿತ್ತು, ಯಾವ ತಿಂಗಳಲ್ಲಿ ಅಲ್ಲಿಗೆ ಯಾರನ್ನೂ ಬಿಡುತ್ತಿರಲಿಲ್ಲ ಎಂಬುದನ್ನು ಊರಿನ ಹಿರಿಯ ಗೋಪಾಲಕರಿಂದ ಕೇಳಿ ಬರೆದಿಟ್ಟುಕೊಳ್ಳುವುದು ಕಷ್ಟದ ಕೆಲಸವಲ್ಲ. ಒಂದು ಬೇಸಗೆಯ ರಜೆಯಲ್ಲಿ ಒಂದು ತಾಲ್ಲೂಕನ್ನು ಮುಗಿಸಬಹುದು. ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದರಿಂದ ಇದನ್ನು ಮುಂದಕ್ಕೆ ಹಾಕುವಂತಿಲ್ಲ. ಅಂತಹ ಪಟ್ಟಿಯೊಂದು ಸಿದ್ಧವಾದರೆ, ಇನ್ನು ಮುಂದೆ ಯಾವುದಾದರೂ ಕಾವಲಿನ ವಿಚಾರವು ಅಧಿಕಾರಿಗಳ ಮುಂದೆ ಬಂದಾಗ, ಜೂನ್ ತಿಂಗಳಲ್ಲಿ ಈಯಬೇಕಾದ ಹಸುವಿನ ಪರವಾಗಿಯೂ ಒಂದು ದಾಖಲೆಯಿರುತ್ತದೆ.